ಕಟ್ಟಕಡೆಯ ಸೀಟಿನಲ್ಲಿ ಕೂತು ನೋಡಿ

ಕೇಳುಗರೇ, ಶರಣು ಶರಣಾರ್ಥಿ. ಮನೆಮಂದಿಯೆಲ್ಲ ಹಿಡಿಸುವಂಥ ಏಳು ಸೀಟಿನ ಗಾಡಿ ತಗೋಬೇಕು, ಯಾವುದು ಒಳ್ಳೆಯದು ಎಂದು ನನ್ನ ಗ್ಯಾರೇಜಿಗೆ ಬಂದವರೆಲ್ಲ ಕೇಳುತ್ತಾರೆ. ನಾನು ಹೇಳುವುದು ಒಂದೇ ಮಾತು. ಷೋರೂಮಿಗೆ ಹೋದ ಕೂಡಲೇ ಸ್ಟೀರಿಂಗ್ ಹಿಡಿಯಬೇಡಿ. ಮೊದಲು ಕಟ್ಟಕಡೆಯ ಸೀಟಿನಲ್ಲಿ ಕೂತು ನೋಡಿ.

ಇದನ್ನು ನನಗೆ ಕಲಿಸಿದ್ದು ನಮ್ಮ ಆಯಿ, ಅಂದರೆ ಅಜ್ಜಿ. ನಾನು ಮೊದಲ ಸಲ ಏಳು ಸೀಟಿನ ಗಾಡಿ ತಂದ ವರ್ಷ, ಮೇ ತಿಂಗಳಲ್ಲಿ ಎಲ್ಲರೂ ಗಾಣಗಾಪುರಕ್ಕೆ ಹೊರಟೆವು. ಮುಂದೆ ನಾನು, ಕಾಕಾ. ನಡುವೆ ಅವ್ವ, ಅತ್ತಿಗೆ, ಮಗಳು. ಆಯಿ ಸಣ್ಣ ಮೈಯವಳು ಎಂದು ತಮ್ಮನ ಜೊತೆ ಹಿಂದೆ ಕೂರಿಸಿದೆವು. ಡಿಕ್ಕಿಯಲ್ಲಿ ಜಾಗ ಇಲ್ಲದ್ದಕ್ಕೆ ರೊಟ್ಟಿ ಬುಟ್ಟಿ ಅವಳ ತೊಡೆಯ ಮೇಲೆ. ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ಲ, 42, 43 ಡಿಗ್ರಿ. ನನ್ನ ಮುಖಕ್ಕೆ ಎ.ಸಿ. ತಣ್ಣಗೆ ಬಡಿಯುತ್ತಿತ್ತು. ಹಿಂದೆ ಗಾಳಿಯೇ ಇಲ್ಲ, ಕಿಟಕಿ ಗಾಜೂ ಇಳಿಯುವುದಿಲ್ಲ. ಸೀಟು ಅಷ್ಟು ತಗ್ಗು, ಮೊಣಕಾಲು ಎದೆಗೆ ಬಂದಿದ್ದವು. ಆಯಿ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಸಂಗಮದ ಹತ್ತಿರ ಇಳಿಸಲು ಹೋದರೆ ಕಾಲು ಜೋಮು ಹಿಡಿದಿವೆ. ನಡುವಿನ ಸೀಟು ಮಡಚಿ, ನಾನೂ ತಮ್ಮನೂ ಎತ್ತಿ ಇಳಿಸಿದೆವು. ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. "ಹೊಳ್ಳಿ ಹೋಗೋವಾಗ ನಾ ಬಸ್ಸಿಗೆ ಬರ್ತೀನಪ್ಪ" ಅಂದಳು. ಅವಳನ್ನು ಮುಂದೆ ಕೂರಿಸಿ, ತಮ್ಮನಿಗೆ ಕೀಲಿ ಕೊಟ್ಟು ನಾನೇ ಹಿಂದೆ ಕೂತೆ. ಅರ್ಧ ದಾರಿಗೇ ನನಗೆ ಸಾಕಾಯಿತು.

ಅಂದರೆ ಇಂಥ ಗಾಡಿಯೇ ಬೇಡ ಅಂತಲ್ಲ. ಜಾತ್ರೆಗೆ, ಮದುವೆಗೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗುವ ಖುಷಿಯೇ ಬೇರೆ. ಆದರೆ ಮೂರೂ ಸಾಲು ಬಳಸಿದರೆ ಮಾರುತಿ ಎರ್ಟಿಗಾದ ಡಿಕ್ಕಿ 209 ಲೀಟರ್, ರೆನೋ ಟ್ರೈಬರ್‌ನದು ಬರೀ 84. ಟ್ರೈಬರ್‌ನಲ್ಲಿ ಕಡೆಯ ಸಾಲಿಗೂ ಎ.ಸಿ. ಗಾಳಿ ಬರುತ್ತದೆ, ಆ ಸೀಟು ಬಿಚ್ಚಿ ಮನೆಯಲ್ಲಿ ಇಡಲೂಬಹುದು. ಮಾರುತಿ ಈಕೋ 2025ರಿಂದ ಆರು ಸೀಟಿಗೆ ಇಳಿದಿದೆ, ಆದರೂ ಅದರ ಜಾರುವ ಬಾಗಿಲು ಹಿರಿಯರಿಗೆ ಸಲೀಸು. ಇಂಜಿನ್ ಮಾತ್ರ ಮುಂದಿನ ಸೀಟಿನ ಕೆಳಗೇ ಇದೆ, ಕಾವು ತಟ್ಟುತ್ತದೆ. ಸಿಎನ್‌ಜಿ ಸಿಲಿಂಡರ್ ಇದ್ದರೆ ಡಿಕ್ಕಿ ಇನ್ನೂ ಕಮ್ಮಿ.

ಮೈಲೇಜ್ ಎಷ್ಟು ಅಂತ ಕೇಳುತ್ತೀರಿ. ದಯವಿಟ್ಟು ಅದನ್ನು ಆಮೇಲೆ ಕೇಳಿ. ಷೋರೂಮಿಗೆ ಮಧ್ಯಾಹ್ನದ ಬಿಸಿಲಲ್ಲೇ ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ನೀವು ಅವರ ಜೊತೆ ಹಿಂದೆ ಕೂತು, ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಓಡಾಡಿಸಲು ಹೇಳಿ. ಇಳಿದ ಮೇಲೆ ಅವರು ಏನನ್ನುತ್ತಾರೋ ಕೇಳಿಕೊಂಡು ಬುಕ್ ಮಾಡಿ. ನಮಸ್ಕಾರ.