ಹುಸೇನ್ ಸಾಗರದಲ್ಲಿ ಎರಡನೇ ರೆಗಾಟ್ಟಾ, ಮತ್ತು ಹೋದ ವರ್ಷದ ಬಿರಡೆ

ನಮಸ್ಕಾರ. ಇದು ಹೈದರಾಬಾದಿನ ಹುಸೇನ್ ಸಾಗರ ಕೆರೆ. ಇಂದು ಇಲ್ಲಿ ನನ್ನ ಎರಡನೇ ರೆಗಾಟ್ಟಾ, ಅಂದರೆ ಹಾಯಿದೋಣಿಗಳ ರೇಸ್ ಸರಣಿ. ಜುಲೈ ತಿಂಗಳ ಬೆಳಗು, ಗಂಟೆ ಇನ್ನೂ ಏಳಾಗಿಲ್ಲ. ಕ್ಯಾಮೆರಾಕ್ಕೆ ಬೆನ್ನು ಹಾಕಿ ಹಗ್ಗದ ಗಂಟಿನೊಂದಿಗೆ ಗುದ್ದಾಡುತ್ತಿರುವವಳು ನಾನೇ. ಹಾಯಿಯ ತೋಳಿನೊಳಗೆ ಮಾಸ್ಟ್ (ಹಾಯಿಕಂಬ) ತೂರಿಸುವುದು, ಅದನ್ನು ದೋಣಿಯ ಗುಳಿಯಲ್ಲಿ ನಿಲ್ಲಿಸುವುದು, ಹಾಯಿಯ ತಳದ ಅಡ್ಡಕೋಲಾದ ಬೂಮ್ ಸಿಕ್ಕಿಸುವುದು, ಇವೆಲ್ಲವನ್ನೂ ನೀವು ನೋಡುತ್ತಲೇ ಇರುವುದರಿಂದ ಮಾತಿನಲ್ಲಿ ಮತ್ತೆ ಹೇಳುವುದಿಲ್ಲ. ನಾಲ್ಕೈದು ದಿನಗಳ ತರಬೇತಿ ಮುಗಿಸಿದವರು ರೇಸಿಗೆ ಇಳಿಯಬಹುದೇ ಎಂದು ಬಹಳ ಮಂದಿ ಕೇಳುತ್ತಿರುತ್ತೀರಿ. ಇಳಿಯಬಹುದು. ಕೊನೆಯವರಾಗಿ ಬರುತ್ತೀರಿ, ಆದರೂ ಇಳಿಯಬೇಕು. ರೇಸ್ ಆರಂಭವಾಗುವ ಮುಂಚಿನ ಐದು ನಿಮಿಷ ಕಲಿಸುವಷ್ಟನ್ನು ಮೂರು ತಿಂಗಳ ಭಾನುವಾರಗಳು ನನಗೆ ಕಲಿಸಲಿಲ್ಲ.

ದೋಣಿ ನಡೆಸಲು ಕಲಿಯುವುದು ಜನ ಅಂದುಕೊಂಡಷ್ಟು ಕಷ್ಟವಲ್ಲ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರವಾಗಿ ಹೋಗದು. ಸುಮಾರು 45 ಡಿಗ್ರಿ ಓರೆಯಾಗಿ ಸಾಗಿ, ಮೂತಿಯನ್ನು ಗಾಳಿಯ ಆಚೆ ಬದಿಗೆ ತಿರುಗಿಸಿ, ಮತ್ತೆ ಓರೆಯಾಗಿ ಸಾಗಬೇಕು. ಆ ತಿರುವಿನ ಹೆಸರು ಟ್ಯಾಕ್. ಗಾಳಿಯನ್ನು ಬೆನ್ನಿಗಿಟ್ಟುಕೊಂಡು ತಿರುಗಿದರೆ ಅದು ಜೈಬ್. ಅಲ್ಲಿ ಬೂಮ್ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬರುವಾಗ ತಲೆ ತಗ್ಗಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಹುಬ್ಬಿನ ಮೇಲಿನ ಗುರುತೇ ಸಾಕ್ಷಿ. ದೋಣಿ ಮಗುಚಿದರೆ ದೋಣಿಯ ತಳದಿಂದ ಚಾಚಿಕೊಂಡಿರುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯ ಮೇಲೆ ನಿಂತು ಮೈಭಾರ ಹಾಕಬೇಕು, ಅದು ತಾನಾಗಿ ಎದ್ದು ನಿಲ್ಲುತ್ತದೆ. ಬೀದರಿನಲ್ಲಿರುವ ನನ್ನ ಅಮ್ಮನಿಗೆ ಈ ಭಾಗವನ್ನು ತೋರಿಸಬಾರದಿತ್ತು. "ಆ ಹೊಲಸು ನೀರಾಗ ಬೇಕಂತ ಯಾಕ ಬೀಳ್ತಿಯವ್ವಾ" ಎಂದು ಈಗಲೂ ಕೇಳುತ್ತಾಳೆ, ಮತ್ತು ನೀರಿನ ವಾಸನೆಯ ವಿಷಯದಲ್ಲಿ ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ತಳ್ಳುಗಾಡಿಯ ಮೇಲೆ ಈಗ ನೀರಿಗೆ ಇಳಿಯುತ್ತಿರುವುದು ಲೇಸರ್ ಎಂಬ, ಒಬ್ಬರೇ ನಡೆಸುವ ದೋಣಿ. 2019ರಿಂದ ಇದರ ಹೆಸರು ಐಎಲ್‌ಸಿಎ ಎಂದಾಗಿದೆಯಾದರೂ ನಾವು ದಡದಲ್ಲಿ ಕರೆಯುವುದು ಲೇಸರ್ ಎಂದೇ. ಉದ್ದ ಸುಮಾರು 4.2 ಮೀಟರ್, ಬರಿಯ ಒಡಲಿನ ತೂಕ ಸುಮಾರು 59 ಕಿಲೋ. ಒಂದೇ ಒಡಲಿಗೆ 4.7, 5.76 ಮತ್ತು 7.06 ಚದರ ಮೀಟರುಗಳ ಮೂರು ಹಾಯಿಗಳಿರುವುದರಿಂದ ನಡೆಸುವವರ ಮೈತೂಕಕ್ಕೆ ತಕ್ಕದ್ದನ್ನು ಏರಿಸಬಹುದು. ನನ್ನದು ನಡುವಿನದು, ಟೋಕಿಯೊ ಒಲಿಂಪಿಕ್ಸಿಗೆ ಹೋದ ಚೆನ್ನೈನ ನೇತ್ರಾ ಕುಮನನ್, ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಗಳಿಸಿದ ಮೊದಲ ಭಾರತೀಯ ಮಹಿಳೆ, ಏರಿಸಿದ್ದೂ ಇದೇ ಅಳತೆಯ ಹಾಯಿಯನ್ನು. ಹೋಲಿಕೆ ಅಲ್ಲಿಗೆ ಮುಗಿಯಿತು. ಮಕ್ಕಳಿಗೆ 2.3 ಮೀಟರಿನ ಆಪ್ಟಿಮಿಸ್ಟ್ ಇದೆ, ಅದರಲ್ಲಿ ಹದಿನೈದರವರೆಗೆ ರೇಸ್ ಮಾಡಬಹುದು. ದೊಡ್ಡವರಾದ ಮೇಲೆ ಕಲಿಯುವವರು ಇಬ್ಬರು ಕೂರುವ ದೋಣಿಯಲ್ಲೇ ಆರಂಭಿಸಬೇಕು ಎಂದು ಹಿಂದೆ ಖಚಿತವಾಗಿ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಬ್ಬರಿದ್ದರೆ ತಪ್ಪು ಯಾರದ್ದೆಂಬ ವಾದದಲ್ಲಿಯೇ ಗಾಳಿ ಹೋಗಿಬಿಡುತ್ತದೆ. ಒಬ್ಬರೇ ಇದ್ದರೆ ವಾದಕ್ಕೆ ಅವಕಾಶವೇ ಇಲ್ಲ.

ಈಗ ಬರುತ್ತಿರುವುದು ಹೋದ ವರ್ಷದ ದೃಶ್ಯ, ನನ್ನ ಮೊದಲ ರೆಗಾಟ್ಟಾದ್ದು. ಇಲ್ಲಿ ನಿಲ್ಲಿಸುತ್ತೇನೆ. ನಗುತ್ತ ಕೈಬೀಸುತ್ತಿರುವ ನನ್ನನ್ನು ಬಿಟ್ಟು ದೋಣಿಯ ಹಿಂಬದಿಯ ಹಲಗೆಯ ತಳವನ್ನು ನೋಡಿ. ಬೆರಳು ತೂರುವಷ್ಟು ಅಗಲದ ಕಪ್ಪು ಚುಕ್ಕೆಯೊಂದು ಕಾಣುತ್ತಿದೆಯಲ್ಲ, ಅದು ತೂತು. ಒಡಲಿನೊಳಗೆ ಜಿನುಗಿದ ನೀರನ್ನು ದಡದಲ್ಲಿ ಹೊರಬಿಡಲೆಂದು ಅದನ್ನು ಇಟ್ಟಿರುತ್ತಾರೆ, ಮತ್ತು ನೀರಿಗೆ ಇಳಿಯುವ ಮೊದಲು ಪ್ಲಾಸ್ಟಿಕ್ಕಿನ ಬಿರಡೆಯೊಂದನ್ನು ಅದಕ್ಕೆ ತಿರುಗಿಸಿ ಬಿಗಿಯಬೇಕು. ಆ ದಿನ ಬೆಳಿಗ್ಗೆ ನೀರು ಬಸಿಯಲೆಂದು ಬಿರಡೆಯನ್ನು ಬಿಚ್ಚಿದವಳು ನಾನು. ಎಲ್ಲಿಯಾದರೂ ಕಳೆದುಹೋದೀತೆಂಬ ಜಾಣತನದಿಂದ ಲೈಫ್ ಜಾಕೆಟ್ಟಿನ ಜೇಬಿನಲ್ಲಿ ಇಟ್ಟು ಜಿಪ್ ಎಳೆದವಳೂ ನಾನೇ.

ತಮಾಷೆಯೆಂದರೆ ದೋಣಿ ತಕ್ಷಣ ಮುಳುಗುವುದಿಲ್ಲ. ಮೊದಲ ಹತ್ತು ನಿಮಿಷ ಏನೂ ತಿಳಿಯಲಿಲ್ಲ. ಆಮೇಲೆ ದೋಣಿ ಯಾಕೋ ಸೋಮಾರಿಯಾಗಿದೆ ಅನಿಸಿತು; ಹಾಯಿಯನ್ನು ಸರಿಯಾಗಿ ಎಳೆದಿಲ್ಲವೆಂದುಕೊಂಡು ಎಳೆದೆ, ಹೆಚ್ಚು ಎಳೆದೆನೆಂದು ಬಿಟ್ಟೆ, ಕೆರೆಯ ಕಳೆ ಚುಕ್ಕಾಣಿಗೆ ಸುತ್ತಿಕೊಂಡಿದೆಯೆಂದು ಬಗ್ಗಿ ನೋಡಿದೆ. ಹಿಂಬದಿ ನೀರಿಗೆ ಕುಸಿಯುತ್ತಿರುವುದನ್ನು ನೋಡಿದರೂ ರಾತ್ರಿಯ ಬಿರಿಯಾನಿಯನ್ನು ದೂರಿದೆನೇ ಹೊರತು ಬಿರಡೆ ನೆನಪಾಗಲಿಲ್ಲ. ರೇಸಿನಲ್ಲಿ ಸುತ್ತಿ ಬರಬೇಕಾದ ಮೊದಲ ಗುರುತಿನ ಹತ್ತಿರ ಸಣ್ಣದೊಂದು ಗಾಳಿಯ ರಭಸಕ್ಕೆ ದೋಣಿ ವಾಲಿತು, ಒಳಗಿನ ನೀರೆಲ್ಲ ಕೊಡದಲ್ಲಿ ಕುಲುಕಿದಂತೆ ಸದ್ದು ಮಾಡುತ್ತ ಅದೇ ಬದಿಗೆ ಓಡಿತು, ಮಗುಚಿದೆ. ಎತ್ತಿ ನಿಲ್ಲಿಸಿದರೆ ನೀರು ಈಚೆ ಬದಿಗೆ ಓಡಿ ಈಚೆಗೆ ಮಗುಚಿತು. ಹೀಗೆ ಐದು ಸಲ. ಮಳೆಗಾಲದ ಪಡುಗಾಳಿ ನನ್ನನ್ನು ಕೆರೆಯ ಏರಿಯಾದ ಟ್ಯಾಂಕ್ ಬಂಡಿನ ಕಡೆಗೆ ತಳ್ಳಿಕೊಂಡು ಹೋಯಿತು. ಅಲ್ಲಿ ಸುಟ್ಟ ಜೋಳದ ತೆನೆ ತಿನ್ನುತ್ತ ನಿಂತಿದ್ದ ಸಂಸಾರವೊಂದು ನನ್ನ ಐದನೇ ಮಗುಚುವಿಕೆಗೆ ಚಪ್ಪಾಳೆ ತಟ್ಟಿತು. ರಕ್ಷಣಾ ದೋಣಿಯ ಹುಡುಗ ಹಗ್ಗ ಎಸೆಯುತ್ತ ಕೇಳಿದ್ದು ಒಂದೇ ಮಾತು: "ಪ್ಲಗ್ ನೈ ಲಗಾಯೆ ಕ್ಯಾ, ಅಕ್ಕಾ?" ಬಿರಡೆ ಹಾಕಿಲ್ಲವೇ ಎಂದು. ಜೇಬನ್ನು ಮುಟ್ಟಿ ನೋಡಿಕೊಂಡೆ. ಅಲ್ಲಿಯೇ ಇತ್ತು, ಭದ್ರವಾಗಿ.

ದಡದಲ್ಲಿ ಮೂತಿ ಎತ್ತಿ ನಿಲ್ಲಿಸಿದಾಗ ನೀರು ಬಸಿಯಲು ಹನ್ನೊಂದು ನಿಮಿಷ ಹಿಡಿಯಿತು, ನಾನು ಗಡಿಯಾರ ನೋಡಿಕೊಂಡೇ ನಿಂತಿದ್ದೆ. ಅಷ್ಟರಲ್ಲಿ ಮುಂದಿನ ರೇಸ್ ಕೂಡ ಹೊರಟುಹೋಯಿತು. ಈ ಆಟದಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು: ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಮುಗಿಸದವರಿಗೆ ಒಟ್ಟು ದೋಣಿಗಳಿಗಿಂತ ಒಂದು ಹೆಚ್ಚು. ಅಂದು 21 ದೋಣಿಗಳಿದ್ದವು. ನನಗೆ 22, ಮತ್ತೆ 22. ಸರಣಿಯ ಕೊನೆಯಲ್ಲಿ ಎಲ್ಲರೂ ತಮ್ಮ ಅತಿ ಕೆಟ್ಟ ಒಂದು ಫಲಿತಾಂಶವನ್ನು ಬಿಟ್ಟುಬಿಡಬಹುದೆಂಬ ಸೌಲಭ್ಯವಿತ್ತು. ಒಂದನ್ನು ಬಿಟ್ಟೆ, ಇನ್ನೊಂದು ಹಾಗೆಯೇ ಉಳಿಯಿತು. ಕಲಿಸಿದವರು ಈ ವಿಷಯಕ್ಕೆ ಒತ್ತು ಕೊಡಲಿಲ್ಲವೆಂದು ಒಂದು ವಾರ ಸಿಟ್ಟಾಗಿದ್ದೆ. ಆಮೇಲೆ ನನ್ನದೇ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ "ಬಿರಡೆ" ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿರುವುದು ಕಂಡಿತು.

ಸರಿ, ಇಂದಿನ ದೃಶ್ಯಕ್ಕೆ ಮರಳುತ್ತೇನೆ. ರಕ್ಷಣಾ ದೋಣಿಯಲ್ಲಿ ಕುಳಿತ ನನ್ನ ಗೆಳತಿ ಹಿಡಿದದ್ದು ಇದು. ನೀರಿನ ಮೇಲೆ ಅಲ್ಲಲ್ಲಿ ಕಪ್ಪಾಗಿ ಸುಕ್ಕುಗಟ್ಟಿದಂತೆ ಕಾಣುವುದೇ ಗಾಳಿಯ ಜೋರು. ಕಲಿಯುವವರಿಗೆ ಗಾಳಿ ತಿಳಿಯುವುದು ಅದು ಮುಖಕ್ಕೆ ಬಡಿದಾಗ, ರೇಸ್ ಮಾಡುವವರಿಗೆ ಅದು ಐವತ್ತು ಮೀಟರ್ ದೂರದಲ್ಲಿರುವಾಗಲೇ ಕಾಣಿಸುತ್ತದೆ. ಸುತ್ತ ಕಟ್ಟಡಗಳಿರುವ ಈ ಕೆರೆಯಲ್ಲಂತೂ ಗಾಳಿ ಒಂದೇ ದಿಕ್ಕಿನಿಂದ ಐದು ನಿಮಿಷ ಬೀಸಿದರೆ ಅದೇ ದೊಡ್ಡದು. ಬದಲಾದ ಗಾಳಿ ದೋಣಿಯ ಮೂತಿಯನ್ನು ಗುರುತಿನತ್ತ ತಿರುಗಿಸಲು ಬಿಟ್ಟರೆ ಹಾಗೆಯೇ ಸಾಗಬೇಕು, ಗುರುತಿನಿಂದ ದೂರ ತಳ್ಳಿದರೆ ಟ್ಯಾಕ್ ಮಾಡಬೇಕು. ಹೇಳಲು ಎರಡೇ ವಾಕ್ಯ, ಕೈಗೆ ಹತ್ತಲು ನನಗೆ ಒಂದು ವರ್ಷ ಸಾಲಲಿಲ್ಲ. ಸಮುದ್ರವಿಲ್ಲದ ಊರಿನವರಿಗೆ ಈ ಆಟ ಒಲಿಯದು ಎನ್ನುವವರ ಮಾತನ್ನು ಮಾತ್ರ ನಂಬಬೇಡಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಾಲಕಿಯರ ಐಎಲ್‌ಸಿಎ 4ರಲ್ಲಿ (ಇದೇ ದೋಣಿಗೆ ಅತಿ ಚಿಕ್ಕ ಹಾಯಿ ಏರಿಸುವ ವರ್ಗ) ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸಿನ ಹುಡುಗಿ, ಪಳಗಿದ್ದು ಭೋಪಾಲದ ಕೆರೆಯಲ್ಲಿ. ಟೋಕಿಯೊದಲ್ಲಿ ವರುಣ್ ಠಕ್ಕರ್ ಜೊತೆ 49ಇಆರ್ (ಫಾರ್ಟಿನೈನರ್) ಎಂಬ ಇಬ್ಬರ ದೋಣಿ ನಡೆಸಿದ ಕೆ.ಸಿ. ಗಣಪತಿ ಚೆನ್ನೈನವರಾದರೂ ಕೇಳಪಂಡ ಎಂಬ ಮನೆತನದ ಹೆಸರು ಕೇಳಿದ ಕೂಡಲೇ ಕೊಡಗಿನವರು ಕಿವಿ ನಿಮಿರಿಸುತ್ತಾರೆ.

ಹಾರ್ನ್ ಕೇಳಿಸಿತೇ? ಅದು ಐದು ನಿಮಿಷದ ಸೂಚನೆ. ನಾಲ್ಕಕ್ಕೆ ಇನ್ನೊಂದು ಬಾವುಟ ಏರುತ್ತದೆ, ಒಂದು ನಿಮಿಷ ಉಳಿದಾಗ ಅದು ಇಳಿಯುತ್ತದೆ, ಸೊನ್ನೆಗೆ ರೇಸ್. ಓಟದ ಸ್ಪರ್ಧೆಯಲ್ಲಾದರೆ ಗೆರೆಯ ಹಿಂದೆ ಕಾಲಿಟ್ಟು ನಿಲ್ಲಬಹುದು. ಇಲ್ಲಿ ನಿಲ್ಲಲು ಬ್ರೇಕ್ ಇಲ್ಲ, ಗೆರೆ ಎಂಬುದು ರೇಸ್ ನಡೆಸುವ ಕಮಿಟಿಯ ದೋಣಿಗೂ ಒಂದು ಬೋಯಿಗೂ (ಲಂಗರು ಹಾಕಿದ ತೇಲುಗುರುತು) ನಡುವಿನ ಕಲ್ಪನೆ, ಮತ್ತು ಎಲ್ಲರಿಗೂ ಒಂದೇ ಜಾಗ ಬೇಕು. ಆದುದರಿಂದ ಗೆರೆಯ ತುದಿಯನ್ನು ಆಚೆಯ ಯಾವುದಾದರೂ ಅಲುಗಾಡದ ವಸ್ತುವಿನೊಂದಿಗೆ ಮೊದಲೇ ಹೊಂದಿಸಿಟ್ಟುಕೊಳ್ಳುತ್ತೇವೆ. ಇವತ್ತು ಬೋಯಿಯ ಹಿಂದೆ ಕೆರೆಯ ನಡುವಿನ ಬುದ್ಧನ ಮೂರ್ತಿ ಸರಿಯಾಗಿ ಬಂದರೆ ನಾನು ಗೆರೆಯ ಮೇಲಿದ್ದೇನೆ ಎಂದರ್ಥ. ಹಾರ್ನ್‌ಗೆ ಮೊದಲೇ ಮೂತಿ ಗೆರೆ ದಾಟಿದ್ದರೆ ಎಕ್ಸ್ ಬಾವುಟದೊಂದಿಗೆ ಇನ್ನೊಂದು ಹಾರ್ನ್ ಊದುತ್ತಾರೆ. ದಾಟಿದವರು ಮರಳಿ ಬಂದು ಹೊಸದಾಗಿ ಹೊರಡಬೇಕು, ಬರದಿದ್ದರೆ ಮತ್ತೆ ಅದೇ 22.

ನೋಡಿ, ಇಲ್ಲಿ ತಪ್ಪು ಮಾಡಿದೆ. ಗಾಳಿ ಎಡದಿಂದ ಬರುತ್ತಿರುವ ದೋಣಿ, ಗಾಳಿ ಬಲದಿಂದ ಬರುತ್ತಿರುವ ದೋಣಿಗೆ ದಾರಿ ಬಿಡಬೇಕು. ನಾನು ಎಡದವಳು, ಎದುರಿನ ಹುಡುಗ ಬಲದವನು. "ಸ್ಟಾರ್‌ಬೋರ್ಡ್", ಅಂದರೆ ಗಾಳಿ ನನ್ನ ಬಲಕ್ಕಿದೆ, ದಾರಿ ಬಿಡು ಎಂದು ಅವನು ಕೂಗಿದ್ದು ಧ್ವನಿಯಲ್ಲಿಯೂ ಕೇಳಿಸುತ್ತದೆ. ದಾಟಿಬಿಡುತ್ತೇನೆಂದುಕೊಂಡೆ, ದಾಟಲಿಲ್ಲ, ಅವನು ತಿರುಗಿಕೊಳ್ಳಬೇಕಾಯಿತು. ಈ ಆಟದಲ್ಲಿ ಅಂಪೈರ್ ಬೆನ್ನ ಹಿಂದೆ ಇರುವುದು ಅಪರೂಪ. ತಪ್ಪು ಮಾಡಿದವರೇ ಬೇರೆ ದೋಣಿಗಳಿಂದ ದೂರ ಸರಿದು ಎರಡು ಸುತ್ತು ತಿರುಗಿ ದಂಡ ತೆರಬೇಕು, ಪ್ರತಿ ಸುತ್ತಿನಲ್ಲಿ ಒಂದು ಟ್ಯಾಕ್, ಒಂದು ಜೈಬ್. ತಿರುಗುತ್ತಿದ್ದೇನೆ, ನೋಡಿ. ಅಷ್ಟರಲ್ಲಿ ಏಳು ದೋಣಿಗಳು ಮುಂದೆ ಹೋದವು. ಆ ಹುಡುಗ ಸೊಕ್ಕಿನವನು ಎಂದು ಆಗ ಅನಿಸಿತ್ತು. ದಡಕ್ಕೆ ಬಂದ ಮೇಲೆ ನನ್ನ ತಳ್ಳುಗಾಡಿಯನ್ನು ಹಿಡಿದುಕೊಂಡವನೂ ಅವನೇ ಆದುದರಿಂದ ಅಭಿಪ್ರಾಯ ಬದಲಾಯಿಸಿದ್ದೇನೆ.

ಮೊದಲ ರೇಸಿನಲ್ಲಿ ಹದಿನಾಲ್ಕನೆಯವಳಾಗಿ ಮುಗಿಸಿದೆ. ಎರಡನೆಯದರ ಹೊತ್ತಿಗೆ ಮಳೆ ಹಿಡಿಯಿತು, ಗೆಳತಿ ಕ್ಯಾಮೆರಾವನ್ನು ಆರಿಸದೆಯೇ ಚೀಲಕ್ಕೆ ಹಾಕಿದಳು, ಹಾಗಾಗಿ ಪರದೆ ಕಪ್ಪಾಗಿದೆ. ಸದ್ದು ಮಾತ್ರ ಉಳಿದಿದೆ. ಮಳೆಯ ಸದ್ದು, ಹಾಯಿಗಳು ಪಟಪಟ ಬಡಿಯುವ ಸದ್ದು, ಆರಂಭದ ಹಾರ್ನ್. ಅದರ ಬೆನ್ನಿಗೇ ಕೇಳಿಸಿದ ಎರಡನೆಯ ಹಾರ್ನ್ ನನಗಾಗಿ ಊದಿದ್ದು; ಮಳೆಯಲ್ಲಿ ಬುದ್ಧ ಕಾಣಿಸಿರಲಿಲ್ಲ.