ಗುಡ್ಡದಲ್ಲಿ ದಾರಿ ತಪ್ಪಿದರೆ ಹುಡುಕಿಕೊಂಡು ಬರುವವರು ಯಾರು?

[ದೃಶ್ಯ: ಬಲ್ಲಾಳರಾಯನದುರ್ಗ, ಬೆಳಗಿನ ಮಂಜು]

ನಮಸ್ಕಾರ. ನನ್ನ ಬೆನ್ನ ಹಿಂದಿರುವುದು ಮೂಡಿಗೆರೆ ಕಡೆಯ ಕಾಫಿ ತೋಟಗಳು. ಮುಂದಿನ ಇಳಿಜಾರು ಬೆಳ್ತಂಗಡಿ ತಾಲ್ಲೂಕು. ಬಂಡಾಜೆ ಜಲಪಾತ ಬೀಳುವುದು ಆ ಕಡೆಗೆ. ಅಂದರೆ ಹತ್ತಿದ್ದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಮಂಜಿನಲ್ಲಿ ದಾರಿ ತಪ್ಪಿ ಇಳಿದರೆ ದಕ್ಷಿಣ ಕನ್ನಡ. ಆಗ ಹುಡುಕಬೇಕಾದವರು ಯಾರು?

[ನಕ್ಷೆ: ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್]

ಇಂಗ್ಲೆಂಡಿನ ಈ ಗುಡ್ಡಗಾಡಿನಲ್ಲಿ ಈ ಕೆಲಸ ಸ್ವಯಂಸೇವಕರದ್ದು. ಹನ್ನೆರಡು ತಂಡಗಳಿವೆ. ಸಂಬಳವಿಲ್ಲ, ದೇಣಿಗೆಯಲ್ಲೇ ನಡೆಯುತ್ತವೆ. ಕಾಪಾಡಿದ್ದಕ್ಕೆ ದುಡ್ಡು ಕೇಳುವುದಿಲ್ಲ. ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿದರೆ ಪೊಲೀಸರು ಆ ಗುಡ್ಡದ ತಂಡಕ್ಕೆ ತಿಳಿಸುತ್ತಾರೆ. ತಂಡದ ಮುಖ್ಯಸ್ಥರು ಸಿಕ್ಕಿಬಿದ್ದವರ ಮೊಬೈಲಿಗೆ ಒಂದು ಲಿಂಕ್ ಕಳಿಸುತ್ತಾರೆ. ಅದನ್ನು ಒತ್ತಿದರೆ ಲೊಕೇಶನ್ ಅವರಿಗೆ ಸಿಗುತ್ತದೆ. ಎಷ್ಟೋ ಸಲ ಫೋನಿನಲ್ಲೇ ದಾರಿ ಹೇಳಿ ಇಳಿಸಿಬಿಡುತ್ತಾರೆ.

ಕಾಲು ಮುರಿದಿದ್ದರೆ? ಸ್ಟ್ರೆಚರ್ ಹೊತ್ತು ಗುಡ್ಡ ಇಳಿಯುವುದು ಸುಮ್ನೆ ಮಾತಲ್ಲ. ಹೊರುವವರು ಮತ್ತೆ ಮತ್ತೆ ಬದಲಾಗಬೇಕು. ಅದಕ್ಕೇ ಪಕ್ಕದ ತಂಡವನ್ನು ಕರೆಯುತ್ತಾರೆ. ಹುಡುಕುವ ನಾಯಿಗಳದ್ದೇ ಬೇರೆ ಗುಂಪು, ಅದನ್ನು ಯಾವ ತಂಡ ಬೇಕಾದರೂ ಕರೆಯಬಹುದು. ಎಲ್ಲ ತಂಡಗಳೂ ಸೇರಿ ಮಾಡಿಕೊಂಡ ಒಂದು ಒಕ್ಕೂಟವಿದೆ. ಹಾಗಾಗಿ ಅಪರಿಚಿತರ ಜೊತೆ ಕೆಲಸ ಮಾಡಿದ ಹಾಗೆ ಅನ್ನಿಸುವುದಿಲ್ಲ.

[ದೃಶ್ಯ: ಚಾರ್ಮಾಡಿ ಘಾಟಿ]

ಇದು ಅದೇ ಎರಡು ಜಿಲ್ಲೆಗಳ ನಡುವಿನ ಘಾಟಿ. ನಮ್ಮಲ್ಲಿ ತುರ್ತು ನಂಬರ್ 112 ಇದೆ. ಪೊಲೀಸ್, ಅಗ್ನಿಶಾಮಕ, ಅರಣ್ಯ ಇಲಾಖೆಯವರು ಇದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ಶೌರ್ಯ’ ವಿಪತ್ತು ನಿರ್ವಹಣಾ ಸ್ವಯಂಸೇವಕರಿದ್ದಾರೆ. ಆದರೆ ಯಾವ ಹಳ್ಳ ಎಲ್ಲಿಗೆ ಇಳಿಯುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುವವರು ತೋಟದ ಕೆಲಸದವರು, ಜೀಪ್ ಡ್ರೈವರ್‌ಗಳು. ಅವರ ಹೆಸರು, ನಂಬರ್ ಘಾಟಿಯ ಎರಡೂ ಕಡೆಯ ಠಾಣೆಗಳಲ್ಲಿ ಇರಬೇಕು. ವರ್ಷಕ್ಕೊಮ್ಮೆಯಾದರೂ ಎರಡೂ ಕಡೆಯವರು ಒಟ್ಟಿಗೆ ಹಗ್ಗ ಹಿಡಿದು ಅಭ್ಯಾಸ ಮಾಡಬೇಕು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ರಸ್ತೆ ಕುಸಿದು ಬಂದ್ ಆಗಿತ್ತಲ್ವಾ? ಅಂಥ ದಿನ ಕೆಳಗಿನವರು ಬರುವ ತನಕ ಘಾಟಿಯ ಮೇಲಿನ ಕೊಟ್ಟಿಗೆಹಾರದವರು ಕಾಯುವ ಹಾಗಿರಬಾರದು. ಮೇಲೂ ಒಂದು ತಂಡ, ಕೆಳಗೂ ಒಂದು ತಂಡ ಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

[ದೃಶ್ಯ: ಕೈಯಲ್ಲಿ ಸೀಟಿ]

ಚಾರಣಕ್ಕೆ ಹೊರಡುವಾಗ ಒಂದು ಸೀಟಿ ಜೇಬಲ್ಲಿರಲಿ. ಸಿಗ್ನಲ್ ಇಲ್ಲದ ಕಡೆ ಅದೇ ಫೋನು. ಒಂದು ನಿಮಿಷದಲ್ಲಿ ಆರು ಸಲ ಊದಿ. ಒಂದು ನಿಮಿಷ ಸುಮ್ಮನಿರಿ. ಮತ್ತೆ ಆರು ಸಲ. ರಾತ್ರಿಯಾದರೆ ಟಾರ್ಚ್‌ನಿಂದಲೂ ಹೀಗೇ ಮಾಡಬಹುದು. ದೂರದಿಂದ ಮೂರು ಸಲ ಸೀಟಿ ಕೇಳಿಸಿದರೆ ನಿಮ್ಮ ಕೂಗು ತಲುಪಿದೆ ಅಂತ ಅರ್ಥ. ಕೂತ ಜಾಗ ಬಿಟ್ಟು ಏಳಬೇಡಿ. ಅವರು ಹತ್ತಿರ ಬರುವ ತನಕ ಊದುತ್ತಲೇ ಇರಿ.