ಮತಗಟ್ಟೆಗೆ ವಿಮಾನದ ಟಿಕೆಟ್

ನಮಸ್ಕಾರ. 2024ರ ಏಪ್ರಿಲ್ 26, ಶುಕ್ರವಾರ, ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ. ಬಂಟ್ವಾಳದ ಮನೆಯಿಂದ ಅಕ್ಕ ವಿಡಿಯೊ ಕರೆ ಮಾಡಿ ಶಾಯಿ ಹಚ್ಚಿದ ಬೆರಳನ್ನು ತೋರಿಸಿದಾಗ, ಸೌದಿಯ ದಮ್ಮಾಮ್‌ನ ಲೇಬರ್ ಕ್ಯಾಂಪಿನಲ್ಲಿ ಭಾವ ವಾರದ ಬಟ್ಟೆ ಒಗೆಯುತ್ತಿದ್ದರು. ಅವರಿಗೆ ಅಂದು ರಜೆಯಿತ್ತು, ಮತದ ಹಕ್ಕೂ ಇತ್ತು; ಮತಗಟ್ಟೆಯವರೆಗೆ ಬರುವಷ್ಟು ದುಡ್ಡಿರಲಿಲ್ಲ.

ಜನಪ್ರಾತಿನಿಧ್ಯ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು, ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರಿಗೆ ತಮ್ಮೂರಿನ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅವಕಾಶ ಕೊಟ್ಟಿತು. ಆದರೆ ಮತ ಹಾಕಬೇಕಾದರೆ ಮೂಲ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಊರಿಗೆ ಬರಲೇಬೇಕು. 2024ರಲ್ಲಿ ಹೆಸರು ನೋಂದಾಯಿಸಿದ್ದ 1,19,374 ಅನಿವಾಸಿಗಳ ಪೈಕಿ ಮತ ಹಾಕಿದವರು 2,958 ಮಂದಿ, ಅದರಲ್ಲೂ ಬಹುಪಾಲು ಕೇರಳದವರು. ಇದನ್ನು ನಿರಾಸಕ್ತಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೋಗಿಬರುವ ಟಿಕೆಟ್, ಕೆಲಸಕ್ಕೆ ಮರಳಲು ಬೇಕಾದ ರೀ ಎಂಟ್ರಿ ವೀಸಾ, ಕಡಿತವಾಗುವ ಸಂಬಳ, ಇವನ್ನೆಲ್ಲ ಕೂಡಿಸಿದರೆ ಗಾರೆ ಕೆಲಸದವನೊಬ್ಬ ಒಂದು ಮತಕ್ಕಾಗಿ ಮನೆಗೆ ಕಳಿಸಬೇಕಾದ ತಿಂಗಳ ಹಣವನ್ನೇ ತೆರಬೇಕಾಗುತ್ತದೆ. ಎಷ್ಟೋ ಕಡೆ ಪಾಸ್‌ಪೋರ್ಟ್ ಕೂಡ ಮಾಲೀಕನ ಕಪಾಟಿನಲ್ಲಿರುತ್ತದೆ.

ಅದೇ ಸೌದಿಯಲ್ಲಿರುವ ನಮ್ಮ ರಾಯಭಾರ ಕಚೇರಿಯ ಸಿಬ್ಬಂದಿಗೆ ಅಂಚೆ ಮತದ ಸೌಲಭ್ಯವಿದೆ. ಕಾರ್ಮಿಕರು ಸೇರಿದಂತೆ ಅನಿವಾಸಿಗಳಿಗೆ ಬದಲಿ ವ್ಯಕ್ತಿಯ ಮೂಲಕ ಮತ ಹಾಕಿಸುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಅಂಗೀಕರಿಸಿತಾದರೂ, ಅದು ರಾಜ್ಯಸಭೆಯಲ್ಲಿ ಪಾಸಾಗದೆ 2019ರಲ್ಲಿ ಬಿದ್ದುಹೋಯಿತು. ವಿದ್ಯುನ್ಮಾನ ಅಂಚೆ ಮತಪತ್ರವನ್ನು (ಆನ್‌ಲೈನ್‌ನಲ್ಲಿ ಬಂದದ್ದನ್ನು ಮುದ್ರಿಸಿ, ಮತ ಗುರುತಿಸಿ ಅಂಚೆಯಲ್ಲಿ ಕಳಿಸುವ ಮತಪತ್ರ) ಅನಿವಾಸಿಗಳಿಗೂ ವಿಸ್ತರಿಸಲು ತಾನು ಸಿದ್ಧವೆಂದು 2020ರಲ್ಲಿ ಚುನಾವಣಾ ಆಯೋಗ ಕಾನೂನು ಸಚಿವಾಲಯಕ್ಕೆ ತಿಳಿಸಿತ್ತು.

ಹಣವಂತ ಅನಿವಾಸಿಗೆ ಮತವೊಂದೇ ದಾರಿಯಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸದಂಥ, ಅನಿವಾಸಿಗಳಿಗಾಗಿ ಸರ್ಕಾರ ನಡೆಸುವ ಸಮಾವೇಶದ ವೇದಿಕೆಗಳಲ್ಲಿ ಹೂಡಿಕೆದಾರರ ಮಾತಿಗೆ ಮಂತ್ರಿಗಳು ಕಿವಿಗೊಡುತ್ತಾರೆ. ಸಂಬಳ ಬಾಕಿಯಾದರೆ, ಏಜೆಂಟ್ ಮೋಸ ಮಾಡಿದರೆ ಸರ್ಕಾರದ ಬಾಗಿಲು ತಟ್ಟಬೇಕಾದ ಕಾರ್ಮಿಕನಿಗೆ ಇರುವುದು ಮತ ಒಂದೇ, ಅದೂ ಅವನ ಕೈಗೆ ಎಟುಕುವುದಿಲ್ಲ.

ಕ್ಯಾಂಪಿನಲ್ಲಿ ಕೂತು ಹಾಕಿದ ಮತದ ಗುಟ್ಟು ಉಳಿದೀತೇ ಎಂಬ ಆತಂಕ ನ್ಯಾಯವಾದದ್ದೇ. ಹಾಗಿದ್ದರೆ ರಾಯಭಾರ ಕಚೇರಿಯೊಳಗೇ ಮತಗಟ್ಟೆ ತೆರೆಯಲಿ. ಫಿಲಿಪ್ಪೀನ್ಸ್ ತನ್ನ ವಲಸೆ ಕಾರ್ಮಿಕರಿಗೆ 2004ರ ಚುನಾವಣೆಯಲ್ಲೇ ವಿದೇಶದಿಂದ ಮತ ಹಾಕುವ ವ್ಯವಸ್ಥೆ ಮಾಡಿಕೊಟ್ಟಿತು. ಅದೇನೂ ಭಾರೀ ಶ್ರೀಮಂತ ರಾಷ್ಟ್ರವಲ್ಲ, ಕಾರ್ಮಿಕರು ಕಳಿಸುವ ಹಣದ ಬೆಲೆ ಅದಕ್ಕೆ ಗೊತ್ತು.

ಭಾವನಿಗೆ ಕಂಪನಿ ಟಿಕೆಟ್ ಕೊಡುವುದು ಎರಡು ವರ್ಷಕ್ಕೊಮ್ಮೆ. ಆ ರಜೆಯ ದಿನಗಳಲ್ಲೇ ಚುನಾವಣೆ ಬಂದರೆ ಮಾತ್ರ ಅವರ ಬೆರಳಿಗೂ ಶಾಯಿ ಬೀಳುತ್ತದೆ.